ಜಾಗ ಇಲ್ಲ, ಮುಂದೆ ನಡಿ

ಡಿ. 3, ಭಾನುವಾರ

ಚರ್ಚಿನಲ್ಲಿ ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲದ ಮೊದಲ ನೇರಳೆ ಮೇಣದಬತ್ತಿ ಹಚ್ಚಿದರು. ಪೂಜೆ ಮುಗಿದ ಮೇಲೆ ಆರಿಸು ಅಂದರು. ಊದಿದೆ. ಆರಲಿಲ್ಲ. ಕೈಯಲ್ಲಿ ಅದುಮಿದೆ.

ಹೊಗೆಮನೆ ಕೆಲಸದಲ್ಲಿ ಮೀನಿಗೆ ಹಾಕಿದ ಹೊಗೆಯಲ್ಲಿ ಅರ್ಧ ನನ್ನ ಎದೆಗೇ ಹೋಗಿದೆ. ಡಾಕ್ಟರಮ್ಮ ನಿನ್ನೆ ಕಡ್ಡಿ ಮುರಿದ ಹಾಗೆ ಹೇಳಿದಳು: "ಇದು ವಾಸಿಯಾಗಲ್ಲ. ಹೊಗೆ ಬೇಡ, ಕೂಗಾಟ ಬೇಡ, ದೂರ ನಡೆಯೋದು ಬೇಡ."

"ಮತ್ತೆ ಬದುಕೋದು ಯಾತಕ್ಕೆ?"

"ಅದನ್ನ ನಿಮ್ಮ ಫಾದರ್‌ನ ಕೇಳಿ."

ಕೇಳಲ್ಲ. ಇಪ್ಪತ್ತನಾಲ್ಕರ ಬೀದಿ ನಾಟಕದಲ್ಲಿ ಜೋಸೆಫನ ವೇಷ ನನ್ನದೇ. ಯಾವ ವರ್ಷ ಬಿಟ್ಟಿದ್ದೆ?

ಡಿ. 9, ಶನಿವಾರ

ರಿಹರ್ಸಲ್. ಹೊಗೆಮನೆ ಹೆಂಗಸರೆಲ್ಲ ಬಂದಿದ್ದರು. ಜೋಸೆಫ್ ಮತ್ತು ಬಸುರಿ ಮರಿಯಾ ಮನೆಮನೆ ಬಾಗಿಲು ತಟ್ಟಿ, ಹಾಡಿ ಜಾಗ ಕೇಳುವುದು, ಒಳಗಿನವರು ಹಾಡಿಯೇ ಇಲ್ಲ ಅನ್ನುವುದು. ಕೊನೆಗೆ ಚರ್ಚಿನ ಗೋದಲಿ, ಯೇಸು ಹುಟ್ಟುವ ಹುಲ್ಲಿನ ಕೊಟ್ಟಿಗೆ. ನಮ್ಮ ನವೋತಾಸ್ ಊರಲ್ಲೆಲ್ಲ ಅಷ್ಟೇ. ನಮ್ಮ ಬೀದಿಯಲ್ಲಿ ಮಾತ್ರ ಚರ್ಚಿಗೂ ಮೊದಲು ಇನ್ನೊಂದು ಬಾಗಿಲು — ಹೊಗೆಮನೆ ಮಾಲೀಕನ ಗೇಟು. ಅಲ್ಲಿ ಜೋಸೆಫ್ ಜಾಗ ಕೇಳಲ್ಲ, ಗಾಳಿ ಕೇಳುತ್ತಾನೆ. ಹೊಗೆಮನೆಗೆ ಚಿಮಣಿ ಹಾಕಿಸು ಅಂತ. ಪ್ರತಿ ಸಲ ಗುಡುಗಿದ್ದು ನಾನು. ಪ್ರತಿ ಸಲ ಡ್ರೈವರ್ ಕೈಲಿ ಬ್ರೆಡ್ಡಿನ ಚೀಲ ಕಳಿಸಿ ಗೇಟು ಹಾಕಿಸಿದ್ದು ಅವನು.

ಇವತ್ತು ಎರಡನೇ ಮನೆ ಹತ್ತಿರವೇ ಕೆಮ್ಮು. ಬೀದಿಯಲ್ಲೇ ಕುಕ್ಕರಿಸಿದೆ. ನಾಟಕ ಆಡಿಸುವವಳು ಪಾಸಿಂಗ್, ಕೆಲಸಗಾರರ ಸಂಘ ಕಟ್ಟಿದ ದಿನದಿಂದ ಜೊತೆಗಿದ್ದವಳು. ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಸಾಕು ಸೆಂಡಾ. ಜೋವೆಲಿನ್ ಜೋಸೆಫ್ ಆಗ್ತಾಳೆ. ನೀನು ನಿನ್ನ ಮನೇಲಿ ಕೂತು 'ಇಲ್ಲ' ಅನ್ನು."

"ಜೋವೆಲಿನ್? ಅವಳು ಬೆಕ್ಕನ್ನ ಓಡಿಸೋಕೂ ಕ್ಷಮಿಸಿ ಅಂತಾಳೆ!"

"ಹೌದು ಆತೆ," ಅಂದಳು ಜೋವೆಲಿನ್, ಹೊಗೆಮನೆಯ ಹುಡುಗಿ. ಇಲ್ಲಿ ಅಕ್ಕನನ್ನ ಕರೆಯುವ ಹಾಗೆ, ಮೆತ್ತಗೆ. "ಕ್ಷಮಿಸಿ."

ಎಲ್ಲ ನಕ್ಕರು. ನಾನು ನಗಲಿಲ್ಲ.

ಬಡವರ ಮುಖಕ್ಕೆ ಬಾಗಿಲು ಹಾಕುವ ಪಾತ್ರ. ನನಗೆ! ಪೊಲೀಸರ ಲಾಠಿ ಕಿತ್ತುಕೊಂಡವಳಿಗೆ!

ಡಿ. 17, ಭಾನುವಾರ

ವಾರವೆಲ್ಲ ಬರೆಯಲಿಲ್ಲ. ಯಾರ ಜೊತೆಗೂ ಮಾತಿಲ್ಲ. ನಿನ್ನೆ ಶುರುವಾದ, ಕ್ರಿಸ್ಮಸ್ಸಿಗೆ ಮುಂಚಿನ ಒಂಬತ್ತು ದಿನದ ಮುಂಜಾವಿನ ಪೂಜೆಗೂ ಹೋಗಲಿಲ್ಲ. ಇವತ್ತು ಹೋದೆ, ದಾರಿಯಲ್ಲಿ ಅಲ್ಲಲ್ಲಿ ಕೂತು.

ಬೈಬಲ್ ಪಾಠ ಸ್ನಾನಿಕ ಯೊವಾನ್ನನದು, ಯೇಸುವಿಗಿಂತ ಮೊದಲು ಬಂದು ಸಾರಿದವನದು. ನನ್ನ ಸಂತ — ಅರಸನ ಮುಖಕ್ಕೇ ಬೈದವನು. ಬರಬೇಕಾದ ರಕ್ಷಕ ನೀನೇನಾ ಅಂತ ಕೇಳುತ್ತಾರೆ. ನಾನಲ್ಲ ಅನ್ನುತ್ತಾನೆ. ಅಷ್ಟೇ. ನಾಚಿಕೆ ಇಲ್ಲ, ಗೋಳಾಟ ಇಲ್ಲ. ನಾನು ಬರೀ ದನಿ, ಅನ್ನುತ್ತಾನೆ.

ನನಗೆ ಆ ದನಿಯೂ ಇಲ್ಲವಲ್ಲ ಸ್ವಾಮಿ... ಸಿಟ್ಟು ಬಂತು. ಗೋದಲಿ ಕಡೆ ನೋಡಿದೆ. ಬರೀ ಹುಲ್ಲು. ಅಲ್ಲಿಗೆ ಕೂಸಾಗಿ ಬರುವವನಾದರೂ ಏನು ಮಾಡಬಲ್ಲ? ನಡೆಯಲಾರ. ಮಾತಾಡಲಾರ. ಕತ್ತೂ ನಿಲ್ಲದು. ಲೋಕ ಕಟ್ಟಿದವನೇ ಎತ್ತಿಸಿಕೊಳ್ಳುವುದಕ್ಕೆ ಒಪ್ಪಿದ. ಸೆಂಡಾ, ನಿನಗೇನೇ ಧಾಡಿ?

ಒಂದು ಮಾತು ಮಾತ್ರ. ಕೆಟ್ಟ ಎದೆಯನ್ನ ಒಪ್ಪಿಕೊಳ್ಳುತ್ತೇನೆ. ಕೆಡಿಸಿದ ಹೊಗೆಯನ್ನಲ್ಲ. ಎರಡನ್ನೂ ಕಲೆಸಿ 'ದೇವರ ಇಚ್ಛೆ' ಅನ್ನುವವರಿಗೆ ನನ್ನ ಧಿಕ್ಕಾರ ಹಾಗೇ ಇದೆ.

ಡಿ. 20

ರಿಹರ್ಸಲ್, ನನ್ನ ಬಾಗಿಲಲ್ಲಿ. ಜೋವೆಲಿನ್ ತಟ್ಟಿದಳು. ಹೆಂಡತಿಗೆ ನೋವು ಬಂದಿದೆ, ಒಂದು ಮೂಲೆ ಕೊಡಿ ಅಂತ ಹಾಡಿದಳು. ಸಣ್ಣ ದನಿ. ಕೇಳಿಸಿಕೊಳ್ಳೋಕೆ ಬೀದಿಯೇ ಸುಮ್ಮನಾಯಿತು. ನನಗೆ ಏನಾಯಿತೋ — ಬಾಗಿಲು ತೆಗೆದೇಬಿಟ್ಟೆ. "ಬನ್ನಿ, ಒಳಗೆ ಬನ್ನಿ!"

ಪಾಸಿಂಗ್ ಹಣೆ ಚಚ್ಚಿಕೊಂಡಳು. "ಅಯ್ಯೋ ಮಹಾತಾಯಿ! ನೀನು ಒಳಗೆ ಕರೆದರೆ ಮಗು ನಿನ್ನ ಅಡುಗೆಮನೇಲೇ ಹುಟ್ಟುತ್ತೆ! ಅಲ್ಲಿ ಫಾದರ್ ಬರೀ ಹುಲ್ಲಿಗೆ ಧೂಪ ಹಾಕ್ತಾ ಕೂರಬೇಕಾ?"

"ಇಲ್ಲ ಅನ್ನೋಕೆ ನನಗೆ ಬಾಯಿ ಬರಲ್ಲ ಕಣೇ."

"ಗೊತ್ತು. ಹೊಗೆಮನೇಲಿ ಎಲ್ಲರ ಪಾಳೀನೂ ನೀನೇ ಹೊತ್ತು ತಾನೇ ಎದೆ ಸುಟ್ಕೊಂಡಿದ್ದು."

ನಕ್ಕೂ ನಕ್ಕೂ ಮರಿಯಾಳ ಹೊಟ್ಟೆಯ ದಿಂಬು ಜಾರಿತು. ನಾನೂ ನಕ್ಕೆ. ಕೆಮ್ಮಿದೆ. ಮತ್ತೆ ನಕ್ಕೆ.

ಎಲ್ಲ ಹೋದ ಮೇಲೆ ಜೋವೆಲಿನ್ ಉಳಿದಳು. "ಆತೆ, ಮಾಲೀಕನ ಗೇಟಲ್ಲಿ ನನಗೆ ಗುಡುಗೋಕೆ ಬರಲ್ಲ."

"ಗುಡುಗಬೇಡ. ನನ್ನ ಬಾಗಿಲಲ್ಲಿ ಕೇಳಿದ ಹಾಗೇ ಕೇಳು. ಬ್ರೆಡ್ ಕೊಟ್ಟರೆ ಇಸ್ಕೋಬೇಡ. ನಿಂತಿರು."

"ಎಷ್ಟೊತ್ತು?"

"ಕಾಲು ನಿಂದು. ನನ್ನ ಕೇಳ್ತೀಯಲ್ಲ!"

ಡಿ. 24, ಸಂಜೆ

ಬಾಗಿಲ ಹಿಂದೆ ಸ್ಟೂಲ್ ಹಾಕಿ ಕೂತಿದ್ದೇನೆ. ಹೊರಗೆ ನಕ್ಷತ್ರದ ಗೂಡುದೀಪ. ಗಿಟಾರ್ ಹತ್ತಿರವಾಗುತ್ತಿದೆ.

ಪಾಸಿಂಗ್ ಈಗಷ್ಟೇ ಕಿಟಕಿಯಲ್ಲಿ ಮುಖ ತೂರಿಸಿ ಹೋದಳು. "ಲೇ ಸೆಂಡಾ, ಗೇಟಿನ ಹತ್ರ ಡ್ರೈವರ್ ಇಲ್ಲ ಕಣೇ. ಮಾಲೀಕನೇ ನಿಂತಿದಾನೆ! ಕೈಯಲ್ಲಿ ಬ್ರೆಡ್ಡೂ ಇಲ್ಲ." ನಿನ್ನೆ ಕೆಲಸದಲ್ಲಿ ಜೋವೆಲಿನ್ ಅವನ ಮುಂದೆ ಹೋಗಿ ನಿಂತಳಂತೆ. "ಈ ಸಲ ಆತೆ ಸೆಂಡಾ ಬರಲ್ಲ ಸಾರ್. ಉಸಿರಿಲ್ಲ." ಅಷ್ಟೇ ಹೇಳಿ ಬಂದಳಂತೆ. ಬೆಕ್ಕಿಗೆ ಕ್ಷಮಿಸಿ ಅನ್ನುವವಳು! ಚಿಮಣಿ ಬರುತ್ತದೋ ಇಲ್ಲವೋ. ಅವನು ನಿಂತಿದ್ದಾನೆ. ನನ್ನ ಗುಡುಗಿಗೆ ಒಂದು ದಿನವೂ ನಿಂತಿರಲಿಲ್ಲ.

ನನ್ನಿಂದ ಆಗಲ್ಲ ಅನ್ನುವುದು ಸೋಲು ಅಂದುಕೊಂಡಿದ್ದೆ. ಈಗ ನೋಡಿದರೆ, ನಾನು ಇಲ್ಲ ಅಂದರೆ ತಾನೇ ಅವರು ಆ ಗೇಟಿಗೆ ಹೋಗುವುದು.

ತಟ್ಟಿದಳು. ಅವಳೇ. ಬಾಗಿಲಿಗೂ ಕ್ಷಮಿಸಿ ಅಂದ ಹಾಗೆ. ಹಾಡುತ್ತಿದ್ದಾಳೆ... ಬೆಳಿಗ್ಗೆಯಿಂದ ಉಸಿರು ಕೂಡಿಸಿಟ್ಟಿದ್ದೇನೆ, ಒಂದೇ ಸಾಲಿಗೆ. ಜಾಗ ಇಲ್ಲ ಮಗಳೇ, ಮುಂದೆ —