ಸತ್ತವರ ಸಾಲಿನಲ್ಲಿ ನಿನ್ನ ತಟ್ಟೆ

ವಿಜೇಲಾ, ಪೋರ್ಚುಗಲ್
26 ಡಿಸೆಂಬರ್ 2012

ಪ್ರೀತಿಯ ಮಗ ಎವರಿಸ್ತೋ,

ಹೇಗಿದ್ದೀಯ ಕಂದಾ? ಕೆಮ್ಮು ಇಳಿಯಿತೇ? ಜರ್ಮನಿಯ ಆ ಚಳಿಯಲ್ಲಿ ಕುತ್ತಿಗೆಗೆ ಏನೂ ಸುತ್ತಿಕೊಳ್ಳದೆ ತಿರುಗಬೇಡವೆಂದು ಹೇಳಿ ಹೇಳಿ ನನಗೆ ಸಾಕಾಯಿತು. ಹಬ್ಬಕ್ಕೆ ಮುಂಚಿನಿಂದಲೂ ನೀನು ಫೋನ್ ಎತ್ತುತ್ತಿಲ್ಲ. ಕಾರ್ಖಾನೆಯ ಸದ್ದಿನಲ್ಲಿ ಕೇಳಿಸದೇನೋ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ನಾವು ಚೆನ್ನಾಗಿದ್ದೇವೆ.

ನಿನ್ನಪ್ಪ ಈಗಲೂ ಮಧ್ಯಾಹ್ನ ಬುತ್ತಿ ಹಿಡಿದು ತಾವು ದುಡಿದು ಈಗ ಮುಚ್ಚಿರುವ ಟವೆಲ್ ಗಿರಣಿಯ ಗೇಟಿನ ಮುಂದೆ ಕೂತು ಬರುತ್ತಾರೆ. ಒಳಗೆ ಮಗ್ಗ ಓಡುವುದು ಕೇಳಿಸುತ್ತದಂತೆ. ಕೇಳಿದರೆ ಅದೇ ಹಳೇ ರಾಗ: "ನಮ್ಮದೇ ಹಳೇ ನಾಣ್ಯ ಎಸ್ಕುಡೋ ಇದ್ದಾಗ ನಮ್ಮ ಟವೆಲ್ ಮಾರಾಟ ಆಗ್ಲಿಲ್ಲ ಅಂದ್ರೆ ನಾಣ್ಯದ ಬೆಲೆ ಇಳಿಸ್ತಿದ್ರು, ಹೊರಗಿನೋರಿಗೆ ಅಗ್ಗ ಆಗ್ತಿತ್ತು. ಈಗ ಎಲ್ರದೂ ಒಂದೇ ಯೂರೋ ಕಣೇ, ನಾಣ್ಯ ಇಳಿಯಲ್ಲ. ಇಳಿಯೋದು ನಮ್ಮ ಕೂಲಿ, ಇಲ್ಲಾಂದ್ರೆ ಮಕ್ಕಳು ರೈಲು ಹತ್ತೋದು." ಅವರು ಹೇಳುವುದು ಸುಳ್ಳಲ್ಲ, ಆದರೆ ಅಷ್ಟೇ ಅಲ್ಲ. ನೀನಿರುವ ಜರ್ಮನಿಯವರು ವರ್ಷಗಟ್ಟಲೆ ಕೂಲಿ ಏರಿಸದೆ ದುಡಿದರು, ಮಾರಿದ್ದು ಬಹಳ, ಕೊಂಡದ್ದು ಕಡಿಮೆ. ಮಿಕ್ಕ ಹಣ ಅಗ್ಗದ ಸಾಲವಾಗಿ ನಮ್ಮ ಕಡೆ ಹರಿಯಿತು. ನಾವೇನು ಕಮ್ಮಿಯೇ? ಅದೇ ಸಾಲದಲ್ಲಿ ಅವರದೇ ಕಾರು, ಅವರದೇ ಮಗ್ಗ ತಂದೆವು. ಆ ಹಣದ ಭರದಲ್ಲಿ ಇಲ್ಲಿ ಕೂಲಿಯೂ ಬೆಲೆಯೂ ಏರಿ ನಮ್ಮ ಟವೆಲ್ ಯಾರಿಗೂ ಬೇಡವಾಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ; ಹಾಸಿಗೆಯೇ ಪಕ್ಕದ ಮನೆಯದಾದರೆ ಅಳತೆ ಯಾರಿಗೆ ಗೊತ್ತಾಗುತ್ತದೆ? ಮಗ್ಗ ಇಲ್ಲಿ ತುಕ್ಕು ಹಿಡಿಯಿತು, ನೀನು ಅದನ್ನು ಮಾಡುವ ಊರಿಗೇ ಕೂಲಿಗೆ ಹೋದೆ. ನನಗೆ ಹೊಟ್ಟೆ ಉರಿಯುವುದು ಅದಕ್ಕೆ.

ಕ್ರಿಸ್ಮಸ್ ಹಿಂದಿನ ದಿನ ಊಟ ಮುಗಿಸಿ, ನಮ್ಮ ಸತ್ತವರು ಬಂದು ಉಣ್ಣಲೆಂದು ಎಂದಿನಂತೆ ಮೇಜಿನ ಮೇಲಿನದನ್ನು ತೆಗೆಯದೆ ಬಿಟ್ಟೆ. ನಿನ್ನ ಅಜ್ಜನಿಗೆ, ಅಜ್ಜಿಗೆ ತಟ್ಟೆ ಇಟ್ಟಿದ್ದೆ. ದೀಪ ಆರಿಸಲು ಹೋದರೆ ಅವುಗಳ ಪಕ್ಕದಲ್ಲಿ ನೀಲಿ ಅಂಚಿನ ನಿನ್ನ ತಟ್ಟೆ! ಅಪ್ಪ ಉಪ್ಪುಮೀನು, ಆಲೂಗಡ್ಡೆ ಎಲ್ಲ ಬಡಿಸಿದ್ದರು. "ಬದುಕಿರೋ ಮಗನಿಗೆ ಸತ್ತವರ ಸಾಲಲ್ಲಿ ಎಡೆ ಇಡ್ತೀರಾ? ಬುದ್ಧಿ ನೆಟ್ಟಗಿದ್ಯೇನ್ರೀ?" ಎಂದು ಕೂಗಾಡಿದೆ. "ಮನೆಗೆ ಬರದೇ ಇರೋರಿಗೆ ತಾನೇ ಇಡೋದು" ಎಂದರು. ಇಟ್ಟ ಎಡೆ ತೆಗೆದರೆ ಇನ್ನೂ ಕೆಡುಕು, ಬಿಟ್ಟುಬಿಟ್ಟೆ. ಚಿಕ್ಕವನಿದ್ದಾಗ ನೀನು ಮೀನಿನ ಚರ್ಮವನ್ನು ಆಲೂಗಡ್ಡೆಯ ಅಡಿಗೆ ಬಚ್ಚಿಟ್ಟು, ಎಲ್ಲ ತಿಂದೆ ಅಮ್ಮಾ ಅನ್ನುತ್ತಿದ್ದದ್ದು ನೆನಪಾಯಿತು. ಕಳ್ಳ!

ಮರಿಯಮ್ಮ ತಾಯಿ ನಿನ್ನ ತಲೆ ಕಾಯಲಿ. ಅಪ್ಪನೂ ಮುತ್ತು ಕಳಿಸಿದ್ದಾರೆ.

ನಿನ್ನ ಅಮ್ಮ,
ಎರ್ಮೆಲಿಂಡಾ

ತಾ.ಕ.: ಬರೆಯಬಾರದೆಂದಿದ್ದೆ, ತಡೆಯಲಾಗುತ್ತಿಲ್ಲ. ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಅಜ್ಜ ಅಜ್ಜಿಯ ತಟ್ಟೆಗಳು ಇಟ್ಟ ಹಾಗೇ ಇದ್ದವು. ನಿನ್ನದರಲ್ಲಿ ಮೀನು ಇರಲಿಲ್ಲ, ಒಂದು ಆಲೂಗಡ್ಡೆ ಉಳಿದಿತ್ತು. ಎತ್ತಿ ನೋಡಿದೆ. ಅಡಿಯಲ್ಲಿ ಚರ್ಮ. ತಾನಲ್ಲವೆಂದು ಅಪ್ಪ ದೇವರಾಣೆ ಇಟ್ಟು ಅಳುತ್ತಿದ್ದಾರೆ. ಪತ್ರ ತಲುಪಿದ ಕೂಡಲೇ ಫೋನ್ ಮಾಡು ಕಂದಾ. ಮಾತಾಡಲು ಪುರುಸೊತ್ತಿಲ್ಲದಿದ್ದರೆ ಒಂದು ಸಲ ಕೆಮ್ಮಿಬಿಡು, ಸಾಕು.