ಕನಕಲತಾಗೆ ನೀವು ಕೊಟ್ಟ ಪ್ರಿಯಕರ

ಸಂಜೆಯ ಧಾರಾವಾಹಿಗಳ ಹಣೆಬರಹ ಬರೆಯುವ ಮಾನ್ಯ ಕಾರ್ಯಕ್ರಮ ಮುಖ್ಯಸ್ಥರೇ,

ತೊಂಬತ್ತರ ಹತ್ತಿರವಿರುವ ನನ್ನ ಸೋದರತ್ತೆಗೆ ನೀವೊಬ್ಬ ಪ್ರಿಯಕರನನ್ನು ದಯಪಾಲಿಸಿದ್ದೀರಿ. ಈ ವಯಸ್ಸಿನಲ್ಲಿ ಅವನನ್ನು ಇಟ್ಟುಕೊಂಡು ಅವರೇನು ಮಾಡಬೇಕು ಎಂಬುದನ್ನೂ ತಿಳಿಸಿದ್ದರೆ ಉಪಕಾರವಾಗುತ್ತಿತ್ತು.

ಬಂಗಾಳದ ಮಕ್ಕಳು ಎರಡು ತಲೆಮಾರಿನಿಂದ ಶಾಲೆಯಲ್ಲಿ ಓದುತ್ತಿರುವ, ನೀವೀಗ ಧಾರಾವಾಹಿ ಮಾಡಿರುವ ಆ ಕಥೆ ನಮ್ಮ ಪಿಶಿಯ, ಅಂದರೆ ಈ ಸೋದರತ್ತೆಯ, ಬದುಕಿನದೇ ಎಂದು ನಿಮಗೆ ಗೊತ್ತು. ಕ್ಷಾಮದ ವರ್ಷ ಹಿತ್ತಿಲ ಬಾಗಿಲಲ್ಲಿ ಬಿದ್ದುಕೊಂಡು ಗಂಜಿತಿಳಿಯನ್ನಾದರೂ ಹಾಕಿ ಎಂದು ಅಂಗಲಾಚುತ್ತಿದ್ದವರಿಗೆ ಹೊಸ ಸೊಸೆ ಕನಕಲತಾ ಮಾವನ ಕಣಜ ತೆರೆದು ಅಕ್ಕಿ ಅಳೆದಳು. ಮಾವ ಮನೆಯಿಂದ ಹೊರಹಾಕಿದರು. ಗಂಡ ತಲೆ ತಗ್ಗಿಸಿ ನಿಂತ. ಅವಳು ಕ್ಷಮೆ ಕೇಳಲಿಲ್ಲ. ತವರಿಗೆ ನಡೆದು ಬಂದು ಅಣ್ಣನ ಮನೆಯಲ್ಲೇ ಬಾಳಿದಳು. ನಡೆದದ್ದು ಇಷ್ಟೆ. ನಮ್ಮೂರಿನ ಮೇಷ್ಟರು ಕಥೆಯಾಗಿ ಬರೆದದ್ದೂ ಇಷ್ಟೆ.

ಮೊದಲ ವಾರಗಳಲ್ಲಿ ಪಿಶಿ ಟಿವಿ ಮುಂದೆ ಕೂತು ನಗುತ್ತಿದ್ದರು. “ಹುಡುಗಿ ನನಗಿಂತ ಚೆಂದ ಇದಾಳೆ. ಆದ್ರೆ ಅಷ್ಟು ಬಳೆ ತೊಟ್ಕೊಂಡು ಅಕ್ಕಿ ಅಳೆಯೋಕಾಗುತ್ತಾ?” ಆಮೇಲೆ ಧಾರಾವಾಹಿಯಲ್ಲಿ ಕೊಳಲು ಹಿಡಿದ ಯುವಕ ಬಂದ. ಅಕ್ಕಿಯೆಲ್ಲ ಅವನಿಗಾಗಿ ಕದ್ದದ್ದು ಎಂದಾಯಿತು. ಮರುದಿನ ಪಕ್ಕದ ಮನೆಯ ಶಿಪ್ರಾ ವರಾಂಡದಲ್ಲಿ ಕೂತು, “ಇಷ್ಟು ವರ್ಷ ಗುಟ್ಟು ಬಿಡ್ಲಿಲ್ಲವಲ್ಲ ಪಿಶಿ, ಪಾಕಡಾ ನೀವು” ಅಂದಳು. ತಮಾಷೆಗೇ ಅಂದದ್ದು. ಪಿಶಿ ಎದ್ದು ಒಳಗೆ ಹೋದರು.

ನಾನು ಕೋಲ್ಕತ್ತದ ನಿಮ್ಮ ಕಚೇರಿಗೆ ಬಂದೆ. ನಿಮ್ಮ ಕಥಾ ವಿಭಾಗದ ಯುವಕ ಚಹಾ ತರಿಸಿಕೊಟ್ಟು ಬಲು ಸೌಜನ್ಯದಿಂದ ಕೇಳಿದ: “ಯಾರೋ ಹಸಿದೋರಿಗೆ ಅಕ್ಕಿ ಕೊಟ್ಟು ಸಂಸಾರ ಕಳ್ಕೊಂಡಳು ಅಂದ್ರೆ ಯಾರು ನಂಬ್ತಾರೆ ಮಾಶಿಮಾ? ಬೇರೆ ಏನೋ ಇರ್ಲೇಬೇಕಲ್ವಾ?”

ಹಸಿವನ್ನು ನಂಬದ ಜನ ಕೊಳಲನ್ನು ನಂಬುತ್ತಾರೆಯೇ, ಮಾನ್ಯರೇ? ನಂಬುತ್ತಾರೆ. ನನ್ನ ಸಂಕಟ ಅದೇ. ಈ ಪಾಠವನ್ನು ನನ್ನಿಂದಲೇ ಕಲಿತ ಹೆಣ್ಣುಮಗಳೊಬ್ಬಳು ಮೊನ್ನೆ ಮೀನಿನ ಅಂಗಡಿಯ ಮುಂದೆ ಸಿಕ್ಕು, “ದಿದಿಮಣಿ, ಆ ಭಾಗಾನ ನಮ್ಮ ಪುಸ್ತಕದಲ್ಲಿ ಯಾಕೆ ಬಿಟ್ಟಿದ್ರು?” ಎಂದು ಕೇಳಿದಳು. ಏನು ಹೇಳಿದರೂ ಅವಳ ಮುಖದ ಮೇಲಿನ ಮುಗುಳ್ನಗೆ ಹೋಗಲಿಲ್ಲ.

ಪಿಶಿ ಈಗ ವರಾಂಡಕ್ಕೇ ಬರುವುದಿಲ್ಲ. ವಕೀಲರನ್ನು ಕಾಣೋಣ ಎಂದೆ. “ಸಾಕ್ಷಿ ಯಾರು ಹೇಳ್ತಾರೆ ಕಣೇ? ಅಕ್ಕಿ ತಗೊಂಡೋರು ಆ ಚಳಿಗಾಲಾನೇ ದಾಟ್ಲಿಲ್ಲ” ಎಂದು ಗೋಡೆಯ ಕಡೆ ಹೊರಳಿದರು.

ಕಥೆಯನ್ನು ಸರಿಪಡಿಸಿ ಎಂದು ಕೇಳುವಷ್ಟು ಭ್ರಮೆ ನನಗೆ ಉಳಿದಿಲ್ಲ. ನಮ್ಮೂರಿಗೆ ಒಮ್ಮೆ ಬನ್ನಿ. ಪಿಶಿಗೆ ಕೇಳಿಸುವಂತೆ ನಾಲ್ಕು ಜನರ ಮುಂದೆ, ಆ ಕೊಳಲಿನ ಯುವಕ ನಿಮ್ಮ ಕಚೇರಿಯಲ್ಲಿ ಹುಟ್ಟಿದವನು ಎಂದು ಹೇಳಿ ಹೋಗಿ. ನೀವು ಹೇಳಿದರೆ ಜನ ನಂಬುತ್ತಾರೆ. ಬರುವುದಿಲ್ಲವೆಂದು ಬಲ್ಲೆ. ಬರುವುದಾದರೆ ತಡ ಮಾಡಬೇಡಿ. ಪಿಶಿ ಊಟ ಬಿಡುತ್ತಿದ್ದಾರೆ.

ಇಂತಿ,
ಆ ವರ್ಷ ಇನ್ನೂ ಹುಟ್ಟಿರದ ಕಾರಣ ಸಾಕ್ಷಿಗೂ ಬಾರದವಳು,
ಇಂದ್ರಾಣಿ ಸಾಮಂತ
ನಿವೃತ್ತ ಶಿಕ್ಷಕಿ, ಕಾಟೋಯಾ