ಹದಿನೆಂಟು ಹೆಡಿಗೆ ದರಗಿನ ಮೊಕದ್ದಮೆ

ಮಾನ್ಯ ವಲಯ ಅರಣ್ಯಾಧಿಕಾರಿಗಳೇ,

ತಾವು ಹಾಜರುಪಡಿಸಬೇಕೆಂದು ಅಪ್ಪಣೆ ಕೊಡಿಸಿರುವ ಹದಿನೆಂಟು ಹೆಡಿಗೆ ದರಗನ್ನು ಹಾಜರುಪಡಿಸಲು ನಮ್ಮಿಂದ ಆಗುವುದಿಲ್ಲ. ಅದು ಸುಟ್ಟುಹೋಗಿದೆ. ಹೋದ ವರ್ಷ ಯುಗಾದಿಗೆ ಮುಂಚಿನ ವಾರ, ನಿಮ್ಮದೇ ಅಕೇಶಿಯಾ ಪ್ಲಾಂಟೇಶನ್ನಿನಿಂದ ಗಾಳಿ ಹೊತ್ತು ತಂದ ಬೆಂಕಿ ಅದನ್ನು ನಮ್ಮ ಕಣ್ಣೆದುರೇ ತಿಂದು ಮುಗಿಸಿತು. ಬೂದಿಯಾದರೂ ತಂದುಕೊಡೋಣವೆಂದರೆ ಅದೂ ಮಳೆಗಾಲದಲ್ಲಿ ತೊಳೆದು ಹೊಳೆ ಸೇರಿತು. ಹೊಳೆಯ ಮೇಲೆ ನೋಟಿಸು ಜಾರಿ ಮಾಡುವ ಅಧಿಕಾರ ತಮಗೆ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಇದ್ದರೆ ದಯವಿಟ್ಟು ಮಾಡಿ, ನಾವೆಲ್ಲ ದಂಡೆಯ ಮೇಲೆ ನಿಂತು ನೋಡುತ್ತೇವೆ.

ನಾನು ತುಂಗಮ್ಮ. ಕೋಣಂದೂರಿನಿಂದ ಒಳಗೆ, ಬಸ್ಸಿಳಿದು ನಡೆಯಬೇಕಾದ ಮೇಲಿನಹಕ್ಲು ಎಂಬ ನಾಲ್ಕಾರು ಮನೆಗಳ ಊರಿನವಳು. ನೋಟಿಸು ಬಂದಿರುವುದು ನನಗಲ್ಲ, ಗುಡ್ಡದ ಬುಡದ ಹುಲಿಯಮ್ಮನಿಗೆ. ಆಕೆಯ ಕೊಟ್ಟಿಗೆಗೂ ನಿಮ್ಮ ಪ್ಲಾಂಟೇಶನ್ನಿಗೂ ನಡುವೆ ಇರುವುದು ಒಂದು ಬೇಲಿ ಮಾತ್ರ. ಮೊನ್ನೆ ಆಕೆ ಆ ಲಕೋಟೆಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ನಮ್ಮ ಜಗಲಿಗೆ ಬಂದಳು.

"ತುಂಗಕ್ಕಾ, ಎಂತ ಬರ್ದಿದಾರೆ ಒಂಚೂರು ಓದಿ ಹೇಳು. ಪೋಸ್ಟಿನೋನ ಮುಖ ನೋಡಿದ್ರೆ ನಮ್ಮನೇಲಿ ಯಾರೋ ಸತ್ತಂಗಿತ್ತು."

ಓದಿದೆ. "ತಮ್ಮ ಸುಪರ್ದಿಗೆ ಒಪ್ಪಿಸಲಾಗಿದ್ದ ಮುಟ್ಟುಗೋಲು ಮಾಲು, ಒಣ ಎಲೆ, ಹೆಡಿಗೆ ಹದಿನೆಂಟು, ಸ್ಥಳ ತಪಾಸಣೆಯ ವೇಳೆ ಕಂಡುಬಂದಿರುವುದಿಲ್ಲ. ಸದರಿ ಮಾಲನ್ನು ಹಾಜರುಪಡಿಸತಕ್ಕದ್ದು. ತಪ್ಪಿದಲ್ಲಿ ಮೊಕದ್ದಮೆ ಹೂಡಲಾಗುವುದು."

ಹುಲಿಯಮ್ಮ ಲಕೋಟೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ, "ದರಗಾ?" ಅಂದಳು.

"ದರಗು."

"ಆ ಸುಟ್ಟೋದ ದರಗಾ?"

"ಅದೇ ಮಾರಾಯ್ತಿ."

ಅಷ್ಟೇ ನೋಡಿ. ಮೊದಲು ಆಕೆಯ ಹೆಗಲು ಅಲುಗಿತು, ಆಮೇಲೆ ನನ್ನದು, ಆಮೇಲೆ ಇಬ್ಬರೂ ಜಗಲಿಯ ಮೇಲೆ ಬಿದ್ದು ಬಿದ್ದು ನಕ್ಕೆವು. ನಮ್ಮ ಯಜಮಾನರು ಶೇಷಪ್ಪನವರು, ಯಾರೋ ಅಳುತ್ತಿದ್ದಾರೆಂದು ಅರ್ಧ ಗಡ್ಡ ಕೆರೆದುಕೊಂಡ ಮುಖದಲ್ಲೇ ಓಡಿ ಬಂದರು. ವಿಷಯ ಕೇಳಿ ಅವರೂ ಸೋಪಿನ ನೊರೆ ಹಾರಿಸುತ್ತಾ ನಕ್ಕರು. ಸರ್ಕಾರದ ಒಂದು ಕಾಗದ ಇಷ್ಟು ಜನರನ್ನು ಇಷ್ಟು ಸಂತೋಷಪಡಿಸಿದ್ದನ್ನು ನಾನು ಇದುವರೆಗೆ ಕಂಡಿರಲಿಲ್ಲ. ಅದಕ್ಕಾಗಿ ಮೊದಲು ತಮಗೊಂದು ನಮಸ್ಕಾರ.

ತಾವು ಬಯಲುಸೀಮೆಯಿಂದ ವರ್ಗವಾಗಿ ಬಂದವರಿರಬಹುದು, ಆದ್ದರಿಂದ ದರಗು ಎಂದರೇನೆಂದು ಹೇಳಿಬಿಡುತ್ತೇನೆ. ಒಣಗಿ ಉದುರಿದ ಎಲೆ, ಅಷ್ಟೇ. ಸಂಕ್ರಾಂತಿ ಕಳೆದ ಮೇಲೆ ನಮ್ಮ ಕಡೆಯ ಹೆಂಗಸರು ಹಿಡಿ, ಅಂದರೆ ಪೊರಕೆ, ತೆಗೆದುಕೊಂಡು ಗುಡ್ಡಕ್ಕೆ ಹೋಗಿ ಅದನ್ನು ಗುಡಿಸಿ, ಹೆಡಿಗೆ ಎಂಬ ದೊಡ್ಡ ಬುಟ್ಟಿಯಲ್ಲಿ ತುಂಬಿ ತರುತ್ತಾರೆ. ಕೊಟ್ಟಿಗೆಯಲ್ಲಿ ದನದ ಕಾಲಡಿಗೆ ಹಾಸಿದರೆ ಮಳೆಗಾಲದ ಹೊತ್ತಿಗೆ ಗೊಬ್ಬರ. ಇದೊಂದು ಕೆಲಸ ಅಂದುಕೊಳ್ಳಬೇಡಿ, ಇದು ನಮಗೆ ಹಬ್ಬ. ಯಾರು ಹೆಚ್ಚು ಹೆಡಿಗೆ ಗುಡಿಸಿದರು ಎಂಬ ಪಂದ್ಯ, ಒಬ್ಬರ ಅತ್ತೆಯನ್ನು ಇನ್ನೊಬ್ಬರು ಆಡಿಕೊಳ್ಳುವ ಸುಖ, ನಡುವೆ ಬೆಲ್ಲ ನೀರು. ಗುಡಿಸಿದ ಜಾಗಕ್ಕೆ ಬೆಂಕಿ ಬಂದರೆ ತಿನ್ನಲು ಏನೂ ಸಿಗದೆ ಅಲ್ಲೇ ಕೂತುಬಿಡುತ್ತದೆ. ಇದನ್ನೇ ತಮ್ಮ ಇಲಾಖೆ ಬೆಂಕಿ ರೇಖೆ ಎಂದು ಕರೆದು ಟೆಂಡರು ಕೊಡುತ್ತದಂತೆ. ನಮ್ಮ ಗುಡ್ಡದಲ್ಲಿ ಆ ರೇಖೆ ಎಲ್ಲಿದೆಯೋ ನನಗೆ ಕಂಡಿಲ್ಲ. ಬಹುಶಃ ನಕ್ಷೆಯಲ್ಲಿ ಚೆನ್ನಾಗಿ ಬಂದಿರಬಹುದು.

ಹೋದ ವರ್ಷ ನಾನು, ಹುಲಿಯಮ್ಮ, ಪಕ್ಕದ ಮನೆಯ ಶ್ಯಾಮಲಾ ಮೂವರೂ ಬೇಲಿಯಂಚಿನಲ್ಲಿ ಗುಡಿಸುತ್ತಿದ್ದಾಗ ತಮ್ಮ ಗಾರ್ಡು ಬಂದರು. ಪಾಪ, ಒಳ್ಳೆಯ ಹುಡುಗ. ನಮ್ಮನೆಯಲ್ಲೇ ಕಾಫಿ ಕುಡಿದು ನಮ್ಮ ಮೇಲೇ ಮಹಜರು ಬರೆದರು.

"ಅಮ್ಮಾ, ಇದು ಅರಣ್ಯ ಉತ್ಪನ್ನ. ಒಂದೆಲೇನೂ ಆಚೆ ಹೋಗೋ ಹಂಗಿಲ್ಲ. ಮೇಲಿಂದ ಆರ್ಡರ್."

"ಗಾಳಿ ಹೊತ್ಕಂಡು ಬಂದು ನಮ್ಮ ಅಂಗಳಕ್ಕೆ ಹಾಕಿದ್ರೆ?" ಎಂದು ಕೇಳಿದಳು ಹುಲಿಯಮ್ಮ.

ಗಾರ್ಡು ಬಹಳ ಯೋಚನೆ ಮಾಡಿ, "ಅದ್ನೂ ವಾಪಸ್ ಹಾಕ್ಬೇಕು" ಅಂದರು.

ಇಲ್ಲಿ ನಮ್ಮದೂ ಒಂದು ಎಡವಟ್ಟಾಯಿತು, ಮುಚ್ಚಿಡುವುದಿಲ್ಲ. ಗಾರ್ಡು ಪೆನ್ನು ತೆಗೆದು "ಯಾರ್‍ಯಾರು ಎಷ್ಟೆಷ್ಟು ಗುಡಿಸಿದ್ರಿ?" ಅಂದರು. ಕಳ್ಳತನದ ವಿಚಾರಣೆ ನಡೆಯುತ್ತಿದೆ ಎಂಬುದು ಆ ಕ್ಷಣಕ್ಕೆ ನಮ್ಮ ಮೂವರಿಗೂ ಮರೆತೇಹೋಯಿತು. ಶ್ಯಾಮಲಾ ಎದೆಯುಬ್ಬಿಸಿ "ಆರು ಹೆಡಿಗೆ" ಅಂದಳು. ಶ್ಯಾಮಲಾಗಿಂತ ಕಡಿಮೆ ಹೇಳಿದರೆ ಹುಲಿಯಮ್ಮನ ಮರ್ಯಾದೆ ಏನಾಗಬೇಕು? "ನಂದು ಏಳು" ಅಂದಳು. ನಾನು ಸೊಂಟ ನೋವಿನವಳು, ಆದರೂ ಐದು ಎಂದುಬಿಟ್ಟೆ. ಹೀಗೆ ಆಯಿತು ಸ್ವಾಮಿ ತಮ್ಮ ಹದಿನೆಂಟು. ನಿಜವಾಗಿ ಅಲ್ಲಿದ್ದದ್ದು ಅದರ ಅರ್ಧವೂ ಇರಲಿಲ್ಲ. ಉಳಿದದ್ದು ಬರೀ ಬಡಾಯಿ. ಬೆಂಕಿ ಬೀಳದಿದ್ದರೂ ಬಡಾಯಿಯನ್ನು ಹೆಡಿಗೆಯಲ್ಲಿ ತುಂಬಿ ತಮ್ಮ ಕಚೇರಿಗೆ ಹೇಗೆ ತರುತ್ತಿದ್ದೆವೋ!

ಮುಂದಿನದು ಮಾತ್ರ ನಮ್ಮ ತಪ್ಪಲ್ಲ. ಮುಟ್ಟುಗೋಲು ಹಾಕಿದ ಮಾಲನ್ನು ಒಯ್ಯಲು ಜೀಪು ಬರಲಿಲ್ಲ. ಕಚೇರಿಯಲ್ಲಿ ಇಡಲು ಜಾಗವೂ ಇಲ್ಲವೆಂದರು. ಎಲ್ಲವನ್ನೂ ಹುಲಿಯಮ್ಮನ ಕೊಟ್ಟಿಗೆಯ ಪಕ್ಕ, ಬೇಲಿಯಾಚೆ ಪ್ಲಾಂಟೇಶನ್ನಿನಲ್ಲೇ ಸುರಿಯಿರಿ, ಆಕೆಯೇ ಕಾಯಲಿ ಎಂದು ತೀರ್ಮಾನವಾಯಿತು. ಕೊಟ್ಟಿಗೆಗೆ ಹಾಸಿಯಾಗಿದ್ದನ್ನೂ ಸಗಣಿ ಸಮೇತ ಬಾಚಿ ತರಿಸಿದರು. "ಕೊಟ್ಟಿಗೆ ಪಕ್ಕ ರಾಶಿ ಹಾಕ್ಬೇಡ ಮಾರಾಯ, ಬೆಂಕಿ ಗಿಂಕಿ ಬಿದ್ರೆ?" ಎಂದು ನಾನೇ ಹೇಳಿದೆ. "ಜಾಗ ಬರ್ದಾಗಿದೆ ಅಮ್ಮ, ಇನ್ನು ತಿದ್ದಕ್ಕೆ ಬರಲ್ಲ" ಅಂದರು. ಗುಡಿಸಿ ಚೊಕ್ಕವಾಗಿದ್ದ ನೆಲದ ಮೇಲೆ ನಾವೇ ನಮ್ಮ ಕೈಯಾರೆ ಮತ್ತೆ ದರಗು ಸುರಿದೆವು. ಕಾಡಿನಿಂದ ಕಸ ತೆಗೆದರೆ ಕಳ್ಳತನ, ಕಾಡಿಗೆ ಕಸ ತುಂಬಿದರೆ ಸಂರಕ್ಷಣೆ. ಇದನ್ನು ಕಲಿಸುವ ತರಬೇತಿ ಕೇಂದ್ರ ಎಲ್ಲಿದೆ ಎಂದು ತಿಳಿಸಿದರೆ ಒಮ್ಮೆ ನೋಡಿ ಕೈಮುಗಿದು ಬರುವ ಆಸೆ ನನಗಿದೆ.

ಬೆಂಕಿ ಬಂದದ್ದು ನಮ್ಮ ಮಗಳು ಅಪೇಕ್ಷಾಳ ನಿಶ್ಚಿತಾರ್ಥದ ದಿನ. ಹೊಸನಗರದ ಕಡೆಯ ಗಂಡು, ಹೆಸರು ಪೂರ್ಣೇಶ್. ಆತನ ತಾಯಿ ವರದಮ್ಮನವರು ಬಹಳ ಬಿಗಿ ಎಂದು ಕೇಳಿ ನಾನು ವಾರದಿಂದ ಸರಿಯಾಗಿ ಊಟ ಮಾಡಿರಲಿಲ್ಲ. ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಗುಡ್ಡದ ನೆತ್ತಿಯಲ್ಲಿ ಹೊಗೆ ಎದ್ದಿತು. ಆಮೇಲೆ ಗಾಳಿ. ಅಬ್ಬಬ್ಬಾ, ಆ ಗಾಳಿ! ಚಪ್ಪರದ ಶಾಮಿಯಾನ ಪಟಪಟನೆ ಹೊಡೆದುಕೊಂಡಿತು, ಉರಿಯುವ ಎಲೆಗಳು ಮರದಿಂದ ಮರಕ್ಕೆ ಹಾರಿ ಬಂದವು. ಯಜಮಾನರು ನಿಮ್ಮ ಕಚೇರಿಗೆ ಫೋನು ಮಾಡಿದರು. ಸಿಬ್ಬಂದಿಯೆಲ್ಲ ಸಾಗರದ ಕಡೆ ಇನ್ನೊಂದು ಬೆಂಕಿಗೆ ಹೋಗಿದ್ದಾರೆ, ಬೆಂಕಿ ಹತ್ತಿರ ಬಂದರೆ ಮತ್ತೆ ಕರೆ ಮಾಡಿ ಎಂದರು. ಯಾರ ಹತ್ತಿರ ಎಂದು ಕೇಳುವಷ್ಟರಲ್ಲಿ ಲೈನು ಕಟ್ಟಾಯಿತು.

ಬೀಗರ ಕಡೆಯವರು ಕಾರು ಹತ್ತುತ್ತಾರೆ, ಸಂಬಂಧ ಮುರಿಯಿತು ಅಂದುಕೊಂಡೆ. ವರದಮ್ಮನವರು ರೇಷ್ಮೆ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ನಮ್ಮ ಅಂಗಳದ ಹಿಡಿಯನ್ನೇ ಕೈಗೆತ್ತಿಕೊಂಡರು.

"ನಿಂತ್ಕಂಡು ನೋಡೋದೆಂತ? ಗಂಡಿನ ಕಡೆಯೋರು ಅಂತ ಬೆಂಕಿ ಮರ್ಯಾದೆ ಕೊಡುತ್ತಾ? ಸೊಪ್ಪು ಮುರೀರೋ!"

ಮದುಮಗನಿಂದ ಹಿಡಿದು ಪುರೋಹಿತರವರೆಗೆ ಎಲ್ಲರೂ ಹಸಿ ಸೊಪ್ಪಿನ ಕೊಂಬೆ ಹಿಡಿದು ಬಡಿದರು. ಕರೆಂಟು ಹೋಗಿ ಬೋರ್‌ವೆಲ್ ನಿಂತಿತು. ಟ್ಯಾಂಕಿನ ನೀರನ್ನು ಅಡುಗೆಯವರು ಖಾಲಿ ಮಾಡಿದ್ದರು. ಇದ್ದದ್ದು ಊಟಕ್ಕೆಂದು ಎರಡು ಬ್ಯಾರೆಲ್ ಮಸಾಲೆ ಮಜ್ಜಿಗೆ. ಅಡಿಕೆಗೆ ಔಷಧಿ ಹೊಡೆಯುವ ಪಂಪಿಗೆ ಮಜ್ಜಿಗೆಯನ್ನೇ ಕೊಟ್ಟರು ನಮ್ಮ ಯಜಮಾನರು! ನಾಲ್ಕು ಸಲ ಹಾರಿತು, ಐದನೆಯ ಸಲಕ್ಕೆ ನಳಿಕೆಗೆ ಕರಿಬೇವು ಸಿಕ್ಕಿಕೊಂಡಿತು. ಗುಡ್ಡವೆಲ್ಲ ಇಂಗಿನ ಒಗ್ಗರಣೆಯ ವಾಸನೆ. ಸಾಯುವ ಭಯದಲ್ಲೂ ಯಾರೋ "ಉಪ್ಪು ಒಂಚೂರು ಕಮ್ಮಿ ಆಯ್ತು" ಅಂದರು, ಬೆಂಕಿಯ ಮುಂದೆ ನಿಂತೇ ಎಲ್ಲರೂ ನಕ್ಕೆವು. ಕೊನೆಗೆ ಬೆಂಕಿ ನಿಂತಿತು. ಮಜ್ಜಿಗೆಯಿಂದಲ್ಲ. ನಾವು ಗುಡಿಸಿದ್ದ, ತಮ್ಮ ಗಾರ್ಡಿನ ಕಣ್ಣಿಗೆ ಬೀಳದೆ ಉಳಿದಿದ್ದ ಒಂದು ಪಟ್ಟಿ ನೆಲ ನಮ್ಮ ಮನೆಯ ಹಿಂದೆ ಇತ್ತು, ಅಲ್ಲಿ ತನಕ ಬಂದು ಕೂತುಬಿಟ್ಟಿತು. ನನ್ನ ಮನೆ ಉಳಿಸಿದ್ದು ನಾನು ಮಾಡಿದ ಅಪರಾಧ.

ಸಂಜೆ ಮಸಿ ಹಿಡಿದ ಮುಖದಲ್ಲೇ ಉಂಗುರ ಹಾಕಿಸಿದೆವು. ಫೋಟೋದವನಿಗೆ ಹುಡುಗಿ ಯಾರೆಂದು ಗುರುತು ಸಿಗದೆ ಶ್ಯಾಮಲಾಳನ್ನು ನಾಲ್ಕು ಪೋಸಿನಲ್ಲಿ ತೆಗೆದ. ವರದಮ್ಮನವರು ನನ್ನನ್ನು ತಬ್ಬಿಕೊಂಡು "ಇನ್ನು ಶಾಸ್ತ್ರ ಗೀಸ್ತ್ರ ಎಂತದೂ ಬೇಡ, ನಿಮ್ಮ ಹುಡುಗಿ ಬೆಂಕಿಗೆ ಬಡಿಯೋದ್ ನೋಡ್ದೆ, ಸಾಕು" ಅಂದರು. ಅಳಿಯ ಮಗಳು ಈಗ ಸುಖವಾಗಿದ್ದಾರೆ. ಅದಕ್ಕೂ ಒಂದು ರೀತಿಯಲ್ಲಿ ತಮ್ಮ ಇಲಾಖೆಯೇ ಕಾರಣ.

ಇಷ್ಟು ಹೊತ್ತು ನಗುತ್ತಾ ಬರೆದೆ ಮಾನ್ಯರೇ. ಇನ್ನೊಂದು ಸಂಗತಿ ಇದೆ, ಅದನ್ನು ನಗುತ್ತಾ ಬರೆಯಲು ನನಗೆ ಬರುವುದಿಲ್ಲ. ಅತ್ತ ಹುಲಿಯಮ್ಮನ ಕಡೆ ಬೆಂಕಿ ನಿಲ್ಲಲಿಲ್ಲ. ತಮ್ಮ ಮುಟ್ಟುಗೋಲು ಮಾಲಿನ ರಾಶಿ ಹತ್ತಿ ಉರಿದು ಅಲ್ಲಿಂದ ಕೊಟ್ಟಿಗೆಯ ಮಾಡಿನ ಸೂರಿಗೆ ನೆಗೆಯಿತು. ಹಸುಗಳನ್ನು ಬಿಚ್ಚಿ ಓಡಿಸಿದಳು. ಮೂಲೆಯಲ್ಲಿ ಕಟ್ಟಿದ್ದ ಕರುವಿನ ಹಗ್ಗದ ಗಂಟು ಬಿಗಿದುಕೊಂಡಿತ್ತು, ಬಿಚ್ಚಲು ಆಗಲಿಲ್ಲ. ನನ್ನ ಮಗಳು ಆಕೆಯನ್ನು ಸೊಂಟ ಹಿಡಿದು ಹೊರಗೆ ಎಳೆದು ತಂದಳು. ಆ ಕರು ಕೂಗಿದ್ದು ನನಗೆ ಈಗಲೂ ಕೇಳಿಸುತ್ತದೆ.  ವರ್ಷ ತುಂಬುತ್ತಾ ಬಂದ ಮೇಲೆ ತಪಾಸಣೆಗೆ ಬಂದವರು ಸುಟ್ಟ ಕಂಬಗಳ ನಡುವೆ ನಿಂತು ಕೇಳಿದ್ದು ದರಗು ಎಲ್ಲಿ ಎಂದು. ಮನುಷ್ಯರು ಕೇಳುವ ಪ್ರಶ್ನೆಯೇ ಇದು?

ತಾವು ಕಾನೂನು ತಂದವರಲ್ಲ, ಗೊತ್ತು. ಎಲ್ಲರೂ ಗುಡಿಸುತ್ತಾ ಹೋದರೆ ಕಾಡಿನ ನೆಲಕ್ಕೆ ಏನು ಉಳಿಯುತ್ತದೆ ಎಂದು ತಾವು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಾವು ಒಳಗಿನ ಕಾಡು ಕೇಳುತ್ತಿಲ್ಲ. ಮನೆಗಳಿಗೂ ಅಕೇಶಿಯಾಕ್ಕೂ ನಡುವಿನ ಅಂಚು, ಜೀಪು ಓಡಾಡುವಷ್ಟು ಅಗಲ, ಅಷ್ಟೇ. ಅದನ್ನು ಶಿವರಾತ್ರಿಯ ಗಾಳಿ ಏಳುವ ಮುಂಚೆ ವರ್ಷಕ್ಕೊಮ್ಮೆ ಗುಡಿಸಲು ಬಿಡಿ. ಹುಲಿಯಮ್ಮನ ಮೇಲಿನ ನೋಟಿಸು ವಾಪಸು ತೆಗೆದುಕೊಳ್ಳಿ. ಇದಕ್ಕೆ ಟೆಂಡರು ಬೇಡ, ಅನುದಾನ ಬೇಡ, ಉದ್ಘಾಟನೆಗೆ ಯಾರೂ ಬರಬೇಕಾಗಿಲ್ಲ.

ಉತ್ತರ ಬರಲಿ ಬಿಡಲಿ, ಬರುವ ಸೋಮವಾರ ಬೆಳಿಗ್ಗೆ ನಾವು ಮೂವರೂ ಗುಡಿಸುತ್ತೇವೆ. ಹೊಸನಗರದಿಂದ ನಮ್ಮ ಬೀಗಿತ್ತಿಯೂ ಮನೆಯಿಂದಲೇ ಹಿಡಿ ತರುತ್ತಾರಂತೆ. ನಮ್ಮನ್ನು ಹಿಡಿಯಲು ತಾವೇ ಖುದ್ದಾಗಿ ಬರುವುದಾದರೆ ತಿಂಡಿಯ ಹೊತ್ತಿಗೆ ಬನ್ನಿ, ಕಡುಬು ಮಾಡಿರುತ್ತೇನೆ. ಬಂದವರು ಐದು ನಿಮಿಷ ಹುಲಿಯಮ್ಮನ ಹೊಸ ಕೊಟ್ಟಿಗೆಯನ್ನೂ ನೋಡಿಕೊಂಡು ಹೋಗಿ. ಅಲ್ಲಿ ಎಲ್ಲಿ ಹುಡುಕಿದರೂ ಒಂದು ಹಗ್ಗ ಸಿಗುವುದಿಲ್ಲ. ಅಂದಿನಿಂದ ಆಕೆ ಒಂದು ದನವನ್ನೂ ಕಟ್ಟಿಲ್ಲ. ಅವು ಇಷ್ಟ ಬಂದಾಗ ಎದ್ದು ಬಂದು ನನ್ನ ಹರಿವೆ ಮಡಿಯನ್ನೂ ಶ್ಯಾಮಲಾಳ ಬಸಳೆ ಚಪ್ಪರವನ್ನೂ ಮೇಯ್ದು ಹೋಗುತ್ತವೆ. ಊರಿನಲ್ಲಿ ಒಬ್ಬರೂ ಆಕೆಗೆ ದನ ಕಟ್ಟು ಎಂದು ಹೇಳಿಲ್ಲ.

ಇಂತಿ,
ಬರುವ ಸೋಮವಾರದ ಆರೋಪಿ,
ಐದು ಎಂದು ಹೇಳಿ ಎರಡೇ ಹೆಡಿಗೆ ಗುಡಿಸಿದ್ದ
ತುಂಗಮ್ಮ, ಮೇಲಿನಹಕ್ಲು